ನಾಕ್ ಸೆನ್ಸರ್ ಬದಲಿಸಿದರೂ ಪಿ0327 ಮತ್ತೆ ಬಂತೇ? ಇಸಿಎಂಗೆ ಕೈ ಹಾಕುವ ಮುಂಚೆ ಕಪ್ಲರ್ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮದು 2017ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, 78,000 ಕಿ.ಮೀ. ಓಡಿದೆ. ಮಳೆಗಾಲ ಶುರುವಾದಾಗಿನಿಂದ ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಸ್ಕ್ಯಾನರ್‌ನಲ್ಲಿ ಪಿ0327 ಎಂಬ ದೋಷದ ಕೋಡ್ ಬಂತೆಂದು ನಾಕ್ ಸೆನ್ಸರ್ (ಎಂಜಿನ್ ಒಳಗಿನ ಕುಟ್ಟುವ ಸದ್ದನ್ನು ಹಿಡಿಯುವ ಸೆನ್ಸರ್) ಹೊಸದು ಹಾಕಿಸಿದೆವು. ನಾಲ್ಕು ದಿನ ಸುಮ್ಮನಿತ್ತು, ಮತ್ತೆ ಅದೇ ಕೋಡ್. ಘಾಟಿ ಹತ್ತುವಾಗ ಪಿಕಪ್ ಇಲ್ಲ, ಮೈಲೇಜ್ 17ರಿಂದ 14ಕ್ಕೆ ಇಳಿದಿದೆ. ಗ್ಯಾರೇಜಿನವರು ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಬೇಕು ಅನ್ನುತ್ತಿದ್ದಾರೆ. ಹೌದೇ?
– ಓದುಗರು, ಸಾಗರ

ಉತ್ತರ:

ಇಸಿಎಂ ಮಾತು ಸದ್ಯಕ್ಕೆ ಬದಿಗಿಡಿ. ಪಿ0327 ಅಂದರೆ ನಾಕ್ ಸೆನ್ಸರ್ ಹಾಳಾಗಿದೆ ಎಂದಲ್ಲ, ಒಂದನೇ ನಾಕ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ಸಿಗ್ನಲ್ ಕೆಳಗಿದೆ ಎಂದಷ್ಟೇ. ಸರ್ಕ್ಯೂಟ್ ಅಂದಮೇಲೆ ಸೆನ್ಸರ್ ಜೊತೆಗೆ ಅದನ್ನು ಬ್ಲಾಕಿಗೆ ಒತ್ತಿ ಹಿಡಿದ ಬೋಲ್ಟ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಎರಡು ವೈರ್, ಹೊರಗಿನ ಗದ್ದಲ ತಡೆಯಲು ವೈರಿನ ಮೇಲಿರುವ ಲೋಹದ ಹೊದಿಕೆ ಅಂದರೆ ಶೀಲ್ಡ್, ಕೊನೆಗೆ ಇಸಿಎಂನ ಪಿನ್ ಎಲ್ಲವೂ ಬಂತು. ಇಷ್ಟರಲ್ಲಿ ನಿಮ್ಮ ಗಾಡಿಯಲ್ಲಿ ಬದಲಾಗಿರುವುದು ಒಂದೇ ಒಂದು.

ನಿಮ್ಮ ಪತ್ರದಲ್ಲೇ ಎರಡು ಸುಳಿವುಗಳಿವೆ. ತೊಂದರೆ ಮಳೆಯೊಂದಿಗೆ ಶುರುವಾಗಿದೆ. ಹೊಸ ಸೆನ್ಸರ್ ಹಾಕಿದ ಮೇಲೆ ನಾಲ್ಕು ದಿನ ಸರಿಯಿದ್ದು ಮತ್ತೆ ಬಂದಿದೆ. ಸೆನ್ಸರ್ ಬದಲಿಸುವಾಗ ಕಪ್ಲರ್ ಎಳೆದು ಮತ್ತೆ ಚುಚ್ಚಿರುತ್ತಾರೆ. ಆ ಉಜ್ಜಾಟಕ್ಕೇ ಪಿನ್‌ಗಳು ಸ್ವಲ್ಪ ಹಸನಾಗುತ್ತವೆ, ಒಳಗಿನ ನೀರೂ ಆರುತ್ತದೆ. ಹಾಗಾಗಿ ನಾಲ್ಕು ದಿನದ ನೆಮ್ಮದಿ ಹೊಸ ಸೆನ್ಸರ್‌ನಿಂದ ಸಿಕ್ಕಿತೋ, ಕಪ್ಲರ್ ಅಲ್ಲಾಡಿಸಿದ್ದರಿಂದ ಸಿಕ್ಕಿತೋ ಹೇಳಲಾಗದು. ನನ್ನ ಪಣ ಎರಡನೆಯದರ ಮೇಲೆ.

ಪಿಕಪ್, ಮೈಲೇಜ್ ಹೋಗಿರುವುದು ಬೇರೆ ರೋಗವಲ್ಲ. ನಾಕ್ ಸೆನ್ಸರ್ ಎಂಬುದು ಬ್ಲಾಕಿನ ಮೈಗೆ ಕಿವಿಗೊಟ್ಟು ಕೂತ ಪೀಜೋ ಬಿಲ್ಲೆ. ಬ್ಲಾಕ್ ಅದುರಿದಂತೆ ಅದರ ಮೇಲೆ ಒತ್ತಡ ಬಿದ್ದು ಮಿಲಿವೋಲ್ಟ್ ಲೆಕ್ಕದ ವಿದ್ಯುತ್ ಹುಟ್ಟುತ್ತದೆ. ನಾಕಿಂಗಿನ (ಸಿಲಿಂಡರ್ ಒಳಗೆ ಪೆಟ್ರೋಲ್ ಲೆಕ್ಕ ತಪ್ಪಿ ಸಿಡಿಯುವುದು) ಅದುರಿಗೆ ಅದರದ್ದೇ ಶ್ರುತಿ ಇದೆ: ಚೊಂಬು ತಟ್ಟಿದರೆ ಸಣ್ಣ ಸ್ವರ, ಹಂಡೆ ತಟ್ಟಿದರೆ ದಪ್ಪ ಸ್ವರ ಬರುವ ಹಾಗೆ ಸಿಲಿಂಡರ್ ವ್ಯಾಸ ಚಿಕ್ಕದಾದಷ್ಟೂ ಶ್ರುತಿ ಮೇಲೆ. 71–73 ಮಿ.ಮೀ. ವ್ಯಾಸದ 1.2 ಲೀಟರ್ ಎಂಜಿನ್‌ಗಳಲ್ಲಿ ಅದು ಸುಮಾರು 7ರಿಂದ 8 ಕಿಲೊಹರ್ಟ್ಜ್. ಪ್ರತಿ ಸಿಲಿಂಡರ್ ಉರಿದ ಬೆನ್ನಿಗೆ ಸ್ವಲ್ಪ ಹೊತ್ತು ಮಾತ್ರ ಇಸಿಎಂ ಈ ಸದ್ದಿಗೆ ಕಿವಿಗೊಡುತ್ತದೆ. ನಾಕ್ ಕೇಳಿಸಿದರೆ ಟೈಮಿಂಗ್, ಅಂದರೆ ಸ್ಪಾರ್ಕ್ ಹಾರುವ ಗಳಿಗೆಯನ್ನು ಕೆಲವು ಡಿಗ್ರಿ ಹಿಂದಕ್ಕೆ ತಂದು (ತಡವಾಗಿಸಿ), ಆಮೇಲೆ ಚೂರುಚೂರೇ ಮುಂದಕ್ಕೆ ಬಿಡುತ್ತದೆ. ಕಿವಿಯ ಮೇಲೇ ನಂಬಿಕೆ ಹೋದರೆ? ಯಾವ ಪೆಟ್ರೋಲ್ ಹಾಕಿದ್ದರೂ, ಎಷ್ಟು ಲೋಡ್ ಇದ್ದರೂ ಎಂಜಿನ್‌ಗೆ ಪೆಟ್ಟಾಗಬಾರದೆಂದು ಟೈಮಿಂಗನ್ನು ಸುರಕ್ಷಿತ ಮಟ್ಟಕ್ಕೆ ಎಳೆದು ಅಲ್ಲೇ ಕಟ್ಟಿಹಾಕುತ್ತದೆ. ನಿಮಗೆ ಘಾಟಿಯಲ್ಲಿ ಅನುಭವವಾಗುತ್ತಿರುವುದು ಇದೇ. ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್ ಎಂದು ಯಾರಾದರೂ ಸಲಹೆ ಕೊಟ್ಟರೆ ಈ ಕೋಡ್ ಹೋಗುವ ತನಕ ಬೇಡವೆನ್ನಿ.

ನಿಮ್ಮ ಸೆನ್ಸರ್ ಯಾವ ಜಾತಿಯದು?

ಹೆಚ್ಚಿನವರು ಎಡವುವುದು ಇಲ್ಲಿ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿರುವುದು ನಡುವೆ ತೂತಿನ, ಉದ್ದಿನವಡೆಯಂಥ ಚಪ್ಪಟೆ ಸೆನ್ಸರ್. ಹೊರಗಿನಿಂದ ಎಲ್ಲ ಒಂದೇ ಥರ ಕಂಡರೂ ಒಳಗೆ ಎರಡು ಬಗೆ.

ಮೊದಲನೆಯದರಲ್ಲಿ ಪೀಜೋ ಬಿಲ್ಲೆಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಇರುತ್ತದೆ. ಟೊಯೊಟಾದ ಚಪ್ಪಟೆ ಸೆನ್ಸರ್‌ಗಳಲ್ಲಿ 20 ಡಿಗ್ರಿ ಬಿಸಿಯಲ್ಲಿ ಅಳೆದರೆ 120ರಿಂದ 280 ಕಿಲೊಓಮ್. ನಿಸ್ಸಾನ್‌ನ ಹಲವು ಮಾದರಿಗಳಲ್ಲಿ ಸುಮಾರು 560 ಕಿಲೊಓಮ್. ಟೊಯೊಟಾ ಬಗೆಯಲ್ಲಿ ಇಸಿಎಂ ತನ್ನೊಳಗಿನ ರೆಸಿಸ್ಟರ್ ಮೂಲಕ ಸಿಗ್ನಲ್ ವೈರಿಗೆ 5 ವೋಲ್ಟ್ ಕೊಡುತ್ತದೆ. ಸೆನ್ಸರ್‌ನ ರೆಸಿಸ್ಟರ್ ಅದನ್ನು ಹಂಚಿಕೊಳ್ಳುವುದರಿಂದ ವೈರಿನ ಮೇಲೆ ಸುಮಾರು 2.5 ವೋಲ್ಟ್ ನಿಲ್ಲುತ್ತದೆ. ಅದು 0.5 ವೋಲ್ಟ್‌ಗಿಂತ ಕೆಳಗಿಳಿದರೆ ಪಿ0327, 4.5 ವೋಲ್ಟ್ ದಾಟಿದರೆ ಪಿ0328. ಹಾಗಾಗಿ ಇಲ್ಲಿ ಪಿ0327 ಅಂದರೆ ಸಿಗ್ನಲ್ ವೈರ್ ಎಲ್ಲೋ ನೆಗೆಟಿವ್‌ಗೆ ಸೋರುತ್ತಿದೆ. ವೈರ್ ತುಂಡಾಗಿದ್ದರೆ ಪಿ0328 ಬರಬೇಕಿತ್ತು.

ಎರಡನೆಯದರಲ್ಲಿ ರೆಸಿಸ್ಟರ್ ಇಲ್ಲ. ಬಾಷ್ ಮಾದರಿಯ ಹಲವು ಸೆನ್ಸರ್‌ಗಳು, ಹ್ಯುಂಡೈ ಗಾಡಿಗಳ ಹಲವು ಸೆನ್ಸರ್‌ಗಳು ಹೀಗೆ. ಮೀಟರ್ ಇಟ್ಟರೆ 1 ಮೆಗಾಓಮ್‌ಗಿಂತ ಮೇಲೆ, ಅಥವಾ ಏನೂ ತೋರಿಸದೆ ‘ಓಎಲ್’ ಅನ್ನುತ್ತದೆ. ಇಲ್ಲಿ ಇಸಿಎಂ ನೋಡುವುದು ಸದ್ದಿನ ಮಟ್ಟ. ಎಂಜಿನ್ ಬಿಸಿಯಾಗಿ 2,000–3,000 ಆರ್‌ಪಿಎಂನಲ್ಲಿ ತಿರುಗುವಾಗ ವಾಲ್ವ್, ಪಿಸ್ಟನ್ ಇತ್ಯಾದಿಗಳ ಸಹಜ ಗದ್ದಲ ಇಷ್ಟಾದರೂ ಬರಬೇಕು ಎಂಬ ಲೆಕ್ಕ ಅದರೊಳಗಿದೆ. ಬರದಿದ್ದರೆ ಕೋಡ್. ಈ ಬಗೆಯಲ್ಲಿ ಪಿ0327 ಬಂದರೆ ವೈರ್ ತುಂಡಾಗಿರಬಹುದು, ಶಾರ್ಟ್ ಆಗಿರಬಹುದು, ಬೋಲ್ಟ್ ಸಡಿಲವಿರಬಹುದು. ಮೂರಕ್ಕೂ ಒಂದೇ ಕೋಡ್.

ಒಂದೇ ನಂಬರಿನ ಕೋಡ್‌ಗೆ ಎರಡು ಗಾಡಿಯಲ್ಲಿ ಎರಡು ಅರ್ಥ. ಅದಕ್ಕೇ ನೆಟ್ಟಿನಲ್ಲಿ ಸಿಗುವ ‘ಪಿ0327ಗೆ ಪರಿಹಾರ’ಗಳು ಒಬ್ಬರಿಗೆ ಫಲ ಕೊಟ್ಟು ಇನ್ನೊಬ್ಬರಿಗೆ ಕೈಕೊಡುವುದು. ನಿಮ್ಮ ಹೊಸ ಸೆನ್ಸರ್‌ನ ಎರಡು ಪಿನ್ ನಡುವೆ ಓಮ್ ಅಳೆದರೆ ಯಾವ ಬಗೆ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಅಳೆಯುವಾಗ ಪ್ರೋಬಿನ ಲೋಹದ ತುದಿಗಳನ್ನು ಎರಡೂ ಕೈಬೆರಳಲ್ಲಿ ಒತ್ತಿ ಹಿಡಿಯಬೇಡಿ. ನಮ್ಮ ಮೈಯೇ ಕೆಲವು ನೂರು ಕಿಲೊಓಮ್‌ನ ರೆಸಿಸ್ಟರ್, ಬೆವರಿದ್ದರೆ ಇನ್ನೂ ಕಡಿಮೆ. ಓಎಲ್ ಬರಬೇಕಾದ ಸೆನ್ಸರ್ 300 ಕಿಲೊಓಮ್ ತೋರಿಸಿ ದಾರಿ ತಪ್ಪಿಸುತ್ತದೆ. ಮೊಸಳೆ ಕ್ಲಿಪ್ ಹಾಕಿ ಕೈ ಬಿಡಿ.

ರೆಸಿಸ್ಟರ್ ಇಲ್ಲದ ಬಗೆಗೆ ಓಮ್ ಪರೀಕ್ಷೆ ಒಳಗಿನ ಶಾರ್ಟನ್ನಷ್ಟೇ ಹಿಡಿಯುತ್ತದೆ. ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇದ್ದರೆ ಚೆನ್ನ: ಸುಮಾರು 1 ನ್ಯಾನೋಫ್ಯಾರಡ್ ಆಸುಪಾಸು ಬರಬೇಕು. ಮೀಟರಿನ ವೈರುಗಳದ್ದೇ ಒಂದಿಷ್ಟು ಸೇರುವುದರಿಂದ ಮೊದಲು ಸೆನ್ಸರ್ ಜೋಡಿಸದೆ ಖಾಲಿಯಾಗಿ ಅಳೆದು ಅಷ್ಟನ್ನು ಕಳೆಯಿರಿ. ಸೊನ್ನೆಗೆ ಹತ್ತಿರ ಬಂದರೆ ಒಳಗಿನ ಜೋಡಣೆಯೇ ಬಿಟ್ಟಿದೆ.

ಕಪ್ಲರ್ ಬಿಚ್ಚಿ ನೋಡುವ ಪರೀಕ್ಷೆ

ಕೋಡ್ ಅಳಿಸುವ ಮುಂಚೆ ಸ್ಕ್ಯಾನರ್‌ನಲ್ಲಿ ಫ್ರೀಜ್ ಫ್ರೇಮ್ ಓದಿ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದ ಗಳಿಗೆಯ ಆರ್‌ಪಿಎಂ, ಕೂಲಂಟ್ ಬಿಸಿ, ಲೋಡ್ ಅದರಲ್ಲಿ ಇರುತ್ತವೆ. ಬೆಳಿಗ್ಗೆ ತಣ್ಣಗಿನ ಎಂಜಿನ್‌ನಲ್ಲಿ ಐಡಲ್‌ನಲ್ಲೇ ಬಿದ್ದಿದ್ದರೆ ತೇವ ಅಥವಾ ಶಾರ್ಟ್ ಕಡೆ ಬೆರಳು ತೋರಿಸುತ್ತದೆ. ಬಿಸಿ ಎಂಜಿನ್, 3,000 ಆರ್‌ಪಿಎಂ, ಲೋಡ್ ಹೆಚ್ಚು ಎಂದಿದ್ದರೆ ಬೋಲ್ಟ್, ಬಿರುಕು, ಅಲುಗಾಡುವ ವೈರ್ ಕಡೆ. ಬ್ಲೂಟೂತ್‌ನ ಅಗ್ಗದ ಓಬಿಡಿ ಡಬ್ಬಿಯೂ ಇಷ್ಟು ಓದುತ್ತದೆ. ಬ್ಯಾಟರಿ ಕಳಚಿ ಕೋಡ್ ಅಳಿಸುವ ಹಳೆ ಪದ್ಧತಿಯಲ್ಲಿ ಈ ಮಾಹಿತಿಯೂ ಕೈತಪ್ಪುತ್ತದೆ.

ಇನ್ನು ನಿಮ್ಮದು ರೆಸಿಸ್ಟರ್ ಇರುವ ಬಗೆ ಎಂದಿಟ್ಟುಕೊಳ್ಳಿ. ಇಗ್ನಿಷನ್ ಆಫ್ ಮಾಡಿ ಸೆನ್ಸರ್ ಕಪ್ಲರ್ ಬಿಚ್ಚಿ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ವೈರಿನ ಕಡೆಯ ಕಪ್ಲರ್‌ನ ಎರಡು ಪಿನ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. 4.5ರಿಂದ 5.5 ವೋಲ್ಟ್ ಬರಬೇಕು. ಬಂದರೆ ಇಸಿಎಂ ಬದುಕಿದೆ, ಎರಡೂ ವೈರ್ ಅಲ್ಲಿಂದ ಇಲ್ಲಿಯವರೆಗೆ ಮುಟ್ಟಿವೆ, ಆ ಗಳಿಗೆಯಲ್ಲಿ ಸೋರಿಕೆಯೂ ಇಲ್ಲ. ಹಳೆ ಕೋಡ್ ಅಳಿಸಿ ಎಂಜಿನ್ ಚಾಲೂ ಮಾಡಿದರೆ ಸ್ಕ್ಯಾನರ್‌ನಲ್ಲಿಯೂ ಪಿ0327 ಹೋಗಿ ಪಿ0328 ಬರಬೇಕು. ಕೋಡ್ ಹೀಗೆ ಮಗ್ಗುಲು ಬದಲಿಸಿದರೆ ಇಸಿಎಂ ಸರಿಯಾಗಿಯೇ ಅಳೆಯುತ್ತಿದೆ ಎಂದಾಯಿತು. ಇಸಿಎಂ ಬದಲಿಸಬೇಕೆಂಬ ವಾದ ಅಲ್ಲಿಗೆ ಬಿತ್ತು.

ಮೀಟರ್ ಬಗ್ಗೆ ಒಂದು ಮಾತು. ಈ ಸರ್ಕ್ಯೂಟ್ ಲಕ್ಷಗಟ್ಟಲೆ ಓಮ್‌ಗಳದ್ದು. ಒಳ್ಳೆಯ ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್ ಇರುತ್ತದೆ, ಅಳತೆ ಕೆಡುವುದಿಲ್ಲ. ತೀರ ಅಗ್ಗದ ಮೀಟರಿನಲ್ಲಿ 1 ಮೆಗಾಓಮ್ ಮಾತ್ರ ಇರಬಹುದು. ಇಸಿಎಂ ಒಳಗಿನ ರೆಸಿಸ್ಟರ್ 200 ಕಿಲೊಓಮ್ ಆಗಿದ್ದರೆ 5 ವೋಲ್ಟ್ ಇರುವಲ್ಲಿ ಅದು 4.2 ತೋರಿಸುತ್ತದೆ. ವೈರ್ ದೋಷವೆಂದು ಹುಡುಕುತ್ತ ಹೋಗುತ್ತೀರಿ. ಟೆಸ್ಟ್ ಲ್ಯಾಂಪನ್ನಂತೂ ಈ ವೈರಿನ ಹತ್ತಿರ ತರಬೇಡಿ. ಇದಕ್ಕೆ 12 ವೋಲ್ಟ್ ಮುಟ್ಟಿಸಿದರೆ ಇಸಿಎಂ ನಿಜಕ್ಕೂ ಕೆಟ್ಟು ಗ್ಯಾರೇಜಿನವರ ಮಾತು ನಿಜವಾಗುತ್ತದೆ.

ಕಪ್ಲರ್ ಬಿಚ್ಚಿದರೂ ವೋಲ್ಟೇಜ್ ಸೊನ್ನೆಯ ಹತ್ತಿರವೇ ಇದ್ದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಎಂ ಕಡೆಯ ಕಪ್ಲರ್ ಕೂಡ ತೆಗೆಯಿರಿ. ಈಗ ಎರಡೂ ಕಡೆ ಬಿಡಿಯಾಗಿ ನಿಂತ ಸಿಗ್ನಲ್ ವೈರಿನಿಂದ ಗಾಡಿಯ ಲೋಹದ ಮೈಗೆ, ಅದರ ಜೋಡಿ ವೈರಿಗೆ, ಶೀಲ್ಡಿಗೆ, ಮೂರಕ್ಕೂ ಓಮ್ ಅಳೆಯಿರಿ. ಮೂರರಲ್ಲೂ ಓಎಲ್ ಬರಬೇಕು. ಬರದಿದ್ದರೆ ದೋಷ ವೈರಿನಲ್ಲಿದೆ. ಮೂರೂ ಓಎಲ್ ಬಂದು, ವೈರಿನ ಎರಡು ತುದಿ ನಡುವೆ 1 ಓಮ್‌ಗಿಂತ ಕಡಿಮೆ ಇದ್ದು, ಇಸಿಎಂ ಪಿನ್‌ಗಳೂ ಶುದ್ಧವಾಗಿದ್ದು, ಆದರೂ 5 ವೋಲ್ಟ್ ಬರದಿದ್ದರೆ ಮಾತ್ರ ಇಸಿಎಂ ಮೇಲೆ ಅನುಮಾನ ಪಡಬಹುದು. ಆಗಲೂ ಮೊದಲು ಅದರ ಪವರ್, ಅರ್ಥಿಂಗ್ ನೋಡಿ.

ಸೋರಿಕೆ ಎಷ್ಟಿದ್ದರೆ ಕೋಡ್ ಬೀಳುತ್ತದೆ? ಇಸಿಎಂ ಒಳಗಿನ ರೆಸಿಸ್ಟರ್, ಸೆನ್ಸರ್ ಒಳಗಿನದು ಎರಡೂ 200 ಕಿಲೊಓಮ್ ಎಂದು ಹಿಡಿದು ಲೆಕ್ಕ ಹಾಕಿ. ಸೆನ್ಸರ್‌ಗೆ ಅಡ್ಡಲಾಗಿ 20 ಕಿಲೊಓಮ್‌ನ ದಾರಿ ಬಿದ್ದರೆ 2.5 ವೋಲ್ಟ್ ಇದ್ದದ್ದು ಸುಮಾರು 0.4ಕ್ಕೆ ಇಳಿಯುತ್ತದೆ, ಅಂದರೆ 0.5ರ ಗೆರೆಯ ಕೆಳಗೆ. 20 ಕಿಲೊಓಮ್‌ಗೆ ತಾಮ್ರಕ್ಕೆ ತಾಮ್ರ ತಾಗಬೇಕಾಗಿಲ್ಲ. ಕಪ್ಲರ್‌ನ ಎರಡು ಪಿನ್ ನಡುವೆ ಕೆಸರು ಬೆರೆತ ನೀರಿನ ಒಂದು ಪೊರೆ, ಹಸಿರು ಕಿಲುಬಿನ ಒಂದು ಗೆರೆ ಸಾಕು. ಬಲ್ಬಿನ ಸರ್ಕ್ಯೂಟ್‌ಗೆ ಈ ಸೋರಿಕೆ ಲೆಕ್ಕಕ್ಕೇ ಇಲ್ಲ. ಇಲ್ಲಿ ಅದೇ ಇಡೀ ಸಿಗ್ನಲ್ ನುಂಗುತ್ತದೆ. ಮಳೆಗೂ ಪಿ0327ಗೂ ಇರುವ ನಂಟು ಇದು.

ಗ್ಯಾರೇಜಿಗೆ ಹೋದಾಗ ಮಾತ್ರ ಕೋಡ್ ಬರುವುದಿಲ್ಲ ಎಂಬ ಗೋಳು ಇದ್ದೇ ಇರುತ್ತದೆ. ಅದಕ್ಕೊಂದು ಉಪಾಯ: ಕಪ್ಲರ್ ಜೋಡಿಸಿ, ಇಸಿಎಂ ಕಡೆಯ ಕಪ್ಲರ್‌ನ ಹಿಂಬದಿಯಿಂದ ಸಪೂರ ಪಿನ್ ತೂರಿಸಿ ಮೀಟರ್ ಹಿಡಿಯಿರಿ. ವೈರಿನ ತೊಗಟೆ ಚುಚ್ಚಬೇಡಿ, ಮುಂದಿನ ಮಳೆಗೆ ನೀವೇ ಬಾಗಿಲು ತೆರೆದ ಹಾಗಾಗುತ್ತದೆ. ಇಗ್ನಿಷನ್ ಆನ್, ಮೀಟರ್ ಮಿನ್–ಮ್ಯಾಕ್ಸ್‌ನಲ್ಲಿ (ಅತಿ ಕಡಿಮೆ, ಅತಿ ಹೆಚ್ಚು ಅಂಕಿ ಹಿಡಿದಿಡುವ ಸೆಟ್ಟಿಂಗ್). ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಸೆನ್ಸರ್ ಕಪ್ಲರ್ ಮತ್ತು ವೈರ್ ಹಾದಿಯ ಮೇಲೆ ಒಂದೊಂದು ಗೇಣಿಗೂ ನೀರು ಸಿಂಪಡಿಸಿ ಒಂದು ನಿಮಿಷ ಕಾಯಿರಿ, ಆಮೇಲೆ ಅಲ್ಲೇ ವೈರನ್ನು ಮೆಲ್ಲಗೆ ಬಗ್ಗಿಸಿ, ಎಳೆಯಿರಿ. 2.5ರ ಬಳಿ ನಿಂತಿದ್ದ ಅಂಕಿ ಎಲ್ಲಿ ಕುಸಿಯುತ್ತದೋ ಅಲ್ಲಿ ದೋಷ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಕಾಯಿಲ್ ಮೇಲೆ ಮಾತ್ರ ನೀರು ಬೀಳದಿರಲಿ.

ಕಣ್ಣಿಟ್ಟು ನೋಡಬೇಕಾದ ಜಾಗಗಳು ಕೆಲವೇ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಸೆನ್ಸರ್ ಸಾಮಾನ್ಯವಾಗಿ ಬ್ಲಾಕಿನ ನಡುಮಧ್ಯೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಇರುತ್ತದೆ. ಅಲ್ಲಿಂದ ಮೇಲೇರುವ ವೈರ್ ಮ್ಯಾನಿಫೋಲ್ಡಿನ ಬ್ರಾಕೆಟ್‌ಗೆ ಉಜ್ಜುವ ಜಾಗ, ಕ್ಲಿಪ್ ಮುರಿದು ಜೋತುಬಿದ್ದ ಜಾಗ, ಹಿಂದೆ ಯಾರೋ ಟೇಪ್ ಸುತ್ತಿದ ಜಾಗ. ನಿಮ್ಮ ಕಡೆ ಅಡಿಕೆ ಅಂಗಳದ ಮಗ್ಗುಲಲ್ಲಿ ಗಾಡಿ ನಿಲ್ಲಿಸುವವರಿಗೆ ಇಲಿ ಕಡಿದ ಗುರುತು ಹುಡುಕಲು ಬೇರೆ ಹೇಳಬೇಕಿಲ್ಲ. ಕಪ್ಲರ್ ಒಳಗಿನ ರಬ್ಬರ್ ಸೀಲ್ ಇದೆಯೇ ಎಂದೂ ನೋಡಿ; ಸೆನ್ಸರ್ ಬದಲಿಸುವಾಗ ಅದು ಹಳೆಯದರ ಜೊತೆ ಕಸಕ್ಕೆ ಹೋಗಿರುವುದುಂಟು.

ಸೆನ್ಸರನ್ನೇ ಸಂಶಯದಿಂದ ಹೊರಗಿಡಬೇಕೆಂದರೆ ಇನ್ನೊಂದು ದಾರಿಯಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಲು ವ್ಯಾಟಿನ 220 ಕಿಲೊಓಮ್ ರೆಸಿಸ್ಟರ್ ತಂದು ಸೆನ್ಸರ್ ಬದಲು ವೈರ್ ಕಡೆಯ ಕಪ್ಲರ್‌ಗೆ ಹಾಕಿ. ಕೋಡ್ ಅಳಿಸಿ ಐಡಲ್‌ನಲ್ಲಿ ಹತ್ತು ನಿಮಿಷ ಬಿಡಿ. ಇದರಲ್ಲೂ ಪಿ0327 ಬಂದರೆ ಹೊಸ ಸೆನ್ಸರ್ ನಿರಪರಾಧಿ. ರೆಸಿಸ್ಟರ್ ಇಟ್ಟುಕೊಂಡು ಗಾಡಿ ಓಡಿಸಬೇಡಿ. ಇಸಿಎಂಗೆ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿ, ನಿಜವಾಗಿ ನಾಕ್ ಆದಾಗ ಅದು ಕಿವುಡಾಗಿರುತ್ತದೆ.

ರೆಸಿಸ್ಟರ್ ಇಲ್ಲದ ಬಗೆಯಾದರೆ

ಇಲ್ಲಿ ಕಪ್ಲರ್ ಬಿಚ್ಚುವ ಪರೀಕ್ಷೆಯಿಂದ ಹೆಚ್ಚೇನೂ ಸಿಗದು. ಪಿನ್‌ಗಳ ಮೇಲೆ ಎಷ್ಟು ವೋಲ್ಟ್ ಇರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ, ಸರ್ವೀಸ್ ಮ್ಯಾನ್ಯುಯಲ್ ಹೇಳಿದ್ದೇ ಕೊನೆ. ವೈರ್ ಪರೀಕ್ಷೆ ಮೇಲಿನಂತೆಯೇ ಮಾಡಿ. ಆಮೇಲೆ ನೇರ ಬೋಲ್ಟಿಗೆ ಬನ್ನಿ, ಯಾಕೆಂದರೆ ಹೊಸ ಸೆನ್ಸರ್ ಹಾಕಿದ ಮೇಲೂ ಕೋಡ್ ಬರಲು ಇದೇ ದೊಡ್ಡ ಕಾರಣ.

ಬಾಷ್ ಮಾದರಿಯ ಚಪ್ಪಟೆ ಸೆನ್ಸರ್‌ಗೆ 8 ಮಿ.ಮೀ. ದಪ್ಪದ ಬೋಲ್ಟ್, ಬಿಗಿ 20 ನ್ಯೂಟನ್ ಮೀಟರ್, 5 ಆಚೀಚೆ. ಈ ಬಿಗಿ ಕೇವಲ ಬಿದ್ದುಹೋಗದಿರಲಿ ಎಂದಲ್ಲ. ಬ್ಲಾಕಿನ ಅದುರು ಪೀಜೋ ಬಿಲ್ಲೆಗೆ ಎಷ್ಟು ದಾಟಬೇಕು ಎಂಬುದನ್ನು ತೀರ್ಮಾನಿಸುವುದೇ ಅದು. ಸಡಿಲವಾದರೆ ಸಿಗ್ನಲ್ ಸೊರಗಿ ಪಿ0327. ಉದ್ದ ಹ್ಯಾಂಡಲ್ ಹಾಕಿ ಜಗ್ಗಿದರೆ ಒಳಗಿನ ಸೆರಾಮಿಕ್ ಬಿರುಕು ಬಿಡಬಹುದು. ಮ್ಯಾನಿಫೋಲ್ಡ್ ಕೆಳಗೆ ಕೈ ಹೋಗದ ಜಾಗವೆಂದು ಅಂದಾಜಿನಲ್ಲಿ ತಿರುಗಿಸುವುದೇ ವಾಡಿಕೆ, ಆದರೆ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸ ಮುಗಿಯಿತು ಎನ್ನಬಾರದು.

ಸೆನ್ಸರ್ ಕೂರುವ ಬ್ಲಾಕಿನ ಮುಖ ಬರಿ ಲೋಹವಾಗಿರಲಿ. ಪೇಂಟ್, ತುಕ್ಕು, ಹಳೆ ಸೀಲೆಂಟ್ ಇದ್ದರೆ ಉಜ್ಜಿ ತೆಗೆಯಿರಿ. ವಾಷರ್ ಬೇಡ, ಗ್ರೀಸ್ ಬೇಡ. ಇನ್ನೊಂದು ಮೋಸ ಸುಲಭಕ್ಕೆ ಕಣ್ಣಿಗೆ ಬೀಳದು: ಮೂಲ ಬೋಲ್ಟ್ ಕಳೆದು ಸ್ವಲ್ಪ ಉದ್ದದ್ದು ಹಾಕಿದರೆ ಅದು ತೂತಿನ ತಳಕ್ಕೆ ಹೋಗಿ ನಿಲ್ಲುತ್ತದೆ. ರೆಂಚ್ 20 ತೋರಿಸಿ ಟಕ್ ಅನ್ನುತ್ತದೆ, ಸೆನ್ಸರ್ ಮಾತ್ರ ಬೆರಳಲ್ಲಿ ತಿರುಗುತ್ತದೆ. ಬಿಗಿ ಮಾಡಿದ ಮೇಲೆ ಸೆನ್ಸರನ್ನು ಕೈಯಲ್ಲಿ ಒಮ್ಮೆ ತಿರುಗಿಸಲು ನೋಡಿ.

ಬ್ಲಾಕ್ ತಟ್ಟಿ ನೋಡುವ ಪರೀಕ್ಷೆಯ ವಿಡಿಯೋಗಳು ಬಹಳ ಓಡಾಡುತ್ತವೆ. ಐಡಲ್‌ನಲ್ಲಿ ಸೆನ್ಸರ್ ಪಕ್ಕ ಪಾನಾದಿಂದ ತಟ್ಟಿದಾಗ ಲೈವ್ ಡೇಟಾದಲ್ಲಿ ಟೈಮಿಂಗ್ ಹಿಂದೆ ಸರಿದರೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ ಎನ್ನಬಹುದು. ಸರಿಯದಿದ್ದರೆ ಏನನ್ನೂ ಹೇಳಲಾಗದು. ಅನೇಕ ಇಸಿಎಂಗಳು ಐಡಲ್‌ನಲ್ಲಿ ನಾಕ್‌ಗೆ ಕಿವಿಗೊಡುವುದೇ ಇಲ್ಲ. ವಿದ್ಯುತ್ತಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಸ್ಕೋಪ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅದೇ ವಾಸಿ: ಸೆನ್ಸರ್ ಪಿನ್‌ಗಳಿಗೆ ನೇರ ಜೋಡಿಸಿ, ಪ್ರತಿ ಪೆಟ್ಟಿಗೂ ಗಂಟೆ ಬಾರಿಸಿದ ಹಾಗೆ ಎದ್ದು ಕ್ರಮೇಣ ಅಡಗುವ ಅಲೆ ಬರಬೇಕು. ತಟ್ಟುವುದು ಬ್ಲಾಕಿಗೆ, ಸೆನ್ಸರ್‌ಗಲ್ಲ.

ವೈರ್ ರಿಪೇರಿ

ದೋಷ ವೈರಿನಲ್ಲಿ ಸಿಕ್ಕರೆ ಕೆಟ್ಟ ಭಾಗ ಕತ್ತರಿಸಿ, ಶೀಲ್ಡ್ ಇರುವ ಎರಡೆಳೆಯ ವೈರನ್ನೇ ಹಾಕಿ. ಸಾಮಾನ್ಯ ವೈರ್ ಹಾಕಿದರೆ ಆಂಟೆನಾ ಕಟ್ಟಿದ ಹಾಗೆ: ಕಾಯಿಲ್, ಇಂಜೆಕ್ಟರ್, ಆಲ್ಟರ್ನೇಟರ್ ಗದ್ದಲವೆಲ್ಲ ಮಿಲಿವೋಲ್ಟ್ ಸಿಗ್ನಲ್ ಮೇಲೆ ಕೂರುತ್ತದೆ. ಆಗ ಪಿ0327 ಹೋಗಿ ಪಿ0326 (ಸಿಗ್ನಲ್ ಲೆಕ್ಕದಾಚೆ ಇದೆ ಎಂಬ ಕೋಡ್) ಬರಬಹುದು, ಇಲ್ಲವೇ ಇಲ್ಲದ ನಾಕ್ ಕೇಳಿಸಿ ಟೈಮಿಂಗ್ ಸುಮ್ಮಸುಮ್ಮನೆ ಹಿಂದೆ ಸರಿಯಬಹುದು. ಎರಡು ಎಳೆಯ ಜಾಯಿಂಟ್‌ಗಳು ಅಕ್ಕಪಕ್ಕ ಬಾರದಂತೆ ಒಂದಿಂಚು ಹಿಂದೆಮುಂದೆ ಮಾಡಿ ಬೆಸುಗೆ ಹಾಕಿ, ಒಳಮೈಗೆ ಗೋಂದು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಕೂರುವ ಕೊಳವೆ) ಏರಿಸಿ. ಶೀಲ್ಡನ್ನು ಶೀಲ್ಡಿಗೆ ಜೋಡಿಸಿ ಬೇರೆ ಸ್ಲೀವ್ ಹಾಕಿ. ಶೀಲ್ಡ್ ಅರ್ಥಿಂಗ್ ಆಗುವುದು ಸಾಮಾನ್ಯವಾಗಿ ಇಸಿಎಂ ಕಡೆ ಮಾತ್ರ. ಇನ್ನೂ ಭದ್ರವಾಗಲಿ ಎಂದು ಸೆನ್ಸರ್ ಕಡೆಯೂ ಬ್ಲಾಕಿಗೆ ಕಚ್ಚಿಸಬೇಡಿ. ಕಪ್ಲರ್‌ನಲ್ಲಿ ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಪೂರ್ತಿ ಒಣಗಿಸಿ, ರಬ್ಬರ್ ಸೀಲಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಪಿನ್ ತಿಂದುಹೋಗಿದ್ದರೆ ಹೊಸ ಕಪ್ಲರನ್ನೇ ಹಾಕಿಸಿ.

ಇಷ್ಟಾಗುವ ತನಕ ಗಾಡಿ ಓಡಿಸಬಹುದು, ಆದರೆ ದೊಡ್ಡ ಗೇರಿನಲ್ಲಿ ಎಂಜಿನ್ ಒದ್ದಾಡುವಂತೆ ಏರು ಹತ್ತಿಸಬೇಡಿ, ಒಂದು ಗೇರ್ ಕೆಳಗಿಳಿಸಿ. ಟೈಮಿಂಗ್ ಹಿಂದಿದ್ದರೆ ಎಕ್ಸಾಸ್ಟ್ ಹೆಚ್ಚು ಬಿಸಿಯಾಗುತ್ತದೆ, ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಒಳ್ಳೆಯದಲ್ಲ. 95 ಅಥವಾ 100 ಆಕ್ಟೇನ್‌ನ ದುಬಾರಿ ಪೆಟ್ರೋಲ್ ಹಾಕಿಸಿ ಪಿಕಪ್ ಬರುತ್ತದೆಯೇ ನೋಡುವುದು ದುಡ್ಡು ದಂಡ. ಕೋಡ್ ಇರುವವರೆಗೆ ಇಸಿಎಂ ಟೈಮಿಂಗ್ ಮುಂದಕ್ಕೆ ಬಿಡುವುದಿಲ್ಲ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಕೂಲಂಟ್ 80 ಡಿಗ್ರಿ ದಾಟುವ ತನಕ ಓಡಿಸಿ. ಆಮೇಲೆ ಮೂರನೇ ಗೇರಿನಲ್ಲಿ 2,500ರಿಂದ 4,000 ಆರ್‌ಪಿಎಂ ನಡುವೆ ಏರು ರಸ್ತೆಯಲ್ಲಿ ಅರ್ಧ ನಿಮಿಷ ಎಳೆಯಿರಿ, ಎರಡು ಮೂರು ಸಲ. ಲೈಟ್ ಉರಿಯದಿದ್ದರೂ ಸ್ಕ್ಯಾನರ್‌ನಲ್ಲಿ ಪೆಂಡಿಂಗ್ ಕೋಡ್ (ಕಂಡಿದ್ದರೂ ಇನ್ನೂ ಖಚಿತವಾಗದ ದೋಷ) ನೋಡಿ. ಕೆಲವು ಗಾಡಿಗಳಲ್ಲಿ ದೋಷ ಎರಡು ಓಟದಲ್ಲಿ ಕಂಡ ಮೇಲಷ್ಟೇ ಲೈಟ್ ಉರಿಯುತ್ತದೆ. ನಿಮ್ಮ ಪ್ರಕರಣದಲ್ಲಿ ಒಂದು ಜೋರು ಮಳೆಯಲ್ಲಿ ಓಡಿಸಿ, ರಾತ್ರಿ ಹೊರಗೆ ನಿಲ್ಲಿಸಿ, ಮಾರನೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಆಗಲೂ ಪೆಂಡಿಂಗ್ ಪಟ್ಟಿ ಖಾಲಿಯಿದ್ದರೆ ಗ್ಯಾರೇಜಿನವರಿಗೆ ಇಸಿಎಂ ಆರ್ಡರ್ ರದ್ದು ಮಾಡಲು ಹೇಳಿ.